ಬಣ್ಣ ಕಟ್ಟಿದ ಮೊಲದ ಆಂಟಿಬಾಡಿಯಿಂದ ಬಿಡಿಎನ್‌ಎಫ್ ಹುಡುಕುವ ಬಗೆ: ಮಲೆನಾಡಿನ ಲ್ಯಾಬುಗಳಿಗೆ ಒಂದು ಮಾರ್ಗದರ್ಶಿ

ಒಂದೆಲಗದ ಸಾರ ಕೊಟ್ಟ ಇಲಿಯ ಮಿದುಳಿನಲ್ಲಿ ಬಿಡಿಎನ್‌ಎಫ್ (ನರಕೋಶವನ್ನು ಪೋಷಿಸುವ ಒಂದು ಪ್ರೋಟೀನು) ಹೆಚ್ಚಾಯಿತೇ? ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟದಲ್ಲಾಗಲಿ ಶಿವಮೊಗ್ಗ ಊರೊಳಗಾಗಲಿ, ಗಿಡಮೂಲಿಕೆಯನ್ನೂ ನರಕೋಶವನ್ನೂ ಸೇರಿಸಿ ಸಂಶೋಧನೆಗೆ ಹೊರಟವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹುಡುಕಲು ಈಗ ಸುಲಭವಾಗಿ ಸಿಗುವ ಸಾಧನವೆಂದರೆ ಫ್ಲೋರೊಸೆಂಟ್ ಬಣ್ಣವನ್ನು ಮೊದಲೇ ಕಟ್ಟಿ ಕೊಡುವ ರಿಕಾಂಬಿನೆಂಟ್ ಮೊಲದ ಆಂಟಿಬಾಡಿ (ಆಂಟಿಬಾಡಿ ಎಂದರೆ ಗುರಿಯಿಟ್ಟ ಪ್ರೋಟೀನನ್ನು ಹುಡುಕಿ ಅಂಟುವ ಪ್ರೋಟೀನು). ತೊಳೆ, ಹಾಕು, ತೊಳೆ, ನೋಡು. ಅಷ್ಟೇ ಎಂದು ಡಬ್ಬಿಯೊಳಗಿನ ಚೀಟಿ ಹೇಳುತ್ತದೆ. ಆದರೆ ಬಿಡಿಎನ್‌ಎಫ್ ಅತಿ ಕಡಿಮೆ ಪ್ರಮಾಣದಲ್ಲಿರುವ ಪ್ರೋಟೀನು. ಅದಕ್ಕಿಂತ ಜೋರಾಗಿ ಹೊಳೆಯುವ ಹತ್ತಾರು ವಸ್ತುಗಳು ಮಿದುಳಿನಲ್ಲೂ ಇವೆ, ಒಂದೆಲಗದಲ್ಲೂ ಇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಎಚ್ಚರವೇ ಇಲ್ಲಿ ಅರ್ಧ ಕೆಲಸ.

ಹುಡುಕುತ್ತಿರುವುದು ಯಾವುದನ್ನು?

ಬಿಡಿಎನ್‌ಎಫ್ ಎಂಬ ನರಪೋಷಕ ಪ್ರೋಟೀನನ್ನು 1982ರಲ್ಲಿ ಈವ್-ಅಲೆನ್ ಬಾರ್ಡ್, ಹಾನ್ಸ್ ತೋನೆನ್ ಮತ್ತು ಸಂಗಡಿಗರು ಹಂದಿಯ ಮಿದುಳಿನಿಂದ ಶುದ್ಧೀಕರಿಸಿದರು. ಇದೇ ಕುಟುಂಬದ ಹಿರಿಯ ಎನ್‌ಜಿಎಫ್. ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರ ನೊಬೆಲ್ ತಂದುಕೊಟ್ಟದ್ದು. ಎನ್‌ಟಿ-3, ಎನ್‌ಟಿ-4 ಉಳಿದ ಇಬ್ಬರು. ಪಕ್ವ ರೂಪದಲ್ಲಿ ಇವುಗಳ ಅಮೈನೋ ಆಮ್ಲದ ಸಾಲು ಪರಸ್ಪರ ಸುಮಾರು ಅರ್ಧದಷ್ಟು ಹೋಲುತ್ತದೆ. ಆದ್ದರಿಂದ ನೀವು ಕೊಳ್ಳುವ ಆಂಟಿಬಾಡಿ ಉಳಿದ ಮೂವರನ್ನು ಹಿಡಿಯುವುದಿಲ್ಲ ಎಂಬುದಕ್ಕೆ ಪುರಾವೆ ಕೇಳಿ.

ಕೋಶದೊಳಗೆ ಮೊದಲು ತಯಾರಾಗುವುದು ಸುಮಾರು 32 ಕಿಲೋಡಾಲ್ಟನ್ ತೂಕದ ಪ್ರೊಬಿಡಿಎನ್‌ಎಫ್. ಅದನ್ನು ಕತ್ತರಿಸಿದಾಗ ಸುಮಾರು 14 ಕಿಲೋಡಾಲ್ಟನ್ನಿನ ಪಕ್ವ ಬಿಡಿಎನ್‌ಎಫ್ ಸಿಗುತ್ತದೆ. ಅಂಥ ಎರಡು ಜೋಡಿಯಾಗಿ ಕೆಲಸ ಮಾಡುತ್ತವೆ. ಪಕ್ವ ರೂಪ ಟ್ರ್ಕ್‌ಬಿ (TrkB) ಗ್ರಾಹಕಕ್ಕೆ ಅಂಟಿ ನರಕೋಶವನ್ನು ಉಳಿಸಿ ಬೆಳೆಸುತ್ತದೆ. ಪ್ರೊ ರೂಪ ಪಿ75 ಗ್ರಾಹಕದ ಮೂಲಕ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ. ಇಲ್ಲೊಂದು ತೊಡಕಿದೆ. ಪಕ್ವ ಭಾಗವನ್ನು ಗುರುತಿಸುವ ಆಂಟಿಬಾಡಿ ಎರಡನ್ನೂ ಹಿಡಿಯಬಲ್ಲದು, ಏಕೆಂದರೆ ಆ ಭಾಗ ಎರಡರಲ್ಲೂ ಇದೆ. ಸೂಕ್ಷ್ಮದರ್ಶಕದ ಚಿತ್ರ ಅವೆರಡನ್ನೂ ಬೇರೆ ಮಾಡಿ ತೋರಿಸುವುದಿಲ್ಲ. 'ಪಕ್ವ ಬಿಡಿಎನ್‌ಎಫ್ ಹೆಚ್ಚಾಯಿತು' ಎಂದು ಬರೆಯಬೇಕಿದ್ದರೆ ಪಕ್ಕದಲ್ಲಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ತೂಕದಂತೆ ಬೇರ್ಪಡಿಸಿ ನೋಡುವ ವಿಧಾನ) ಬೇಕೇ ಬೇಕು: 15 ಶೇಕಡಾ ಜೆಲ್, 0.2 ಮೈಕ್ರೋಮೀಟರ್ ರಂಧ್ರದ ಪಿವಿಡಿಎಫ್ ಪೊರೆ. 0.45ರ ಪೊರೆಯಲ್ಲಿ 14 ಕಿಲೋಡಾಲ್ಟನ್ ಪ್ರೋಟೀನು ದಾಟಿ ಹೋಗಿಬಿಡಬಹುದು. ಬ್ಯಾಂಡ್ ಕಾಣದಿದ್ದಾಗ ಆಂಟಿಬಾಡಿಯನ್ನು ಬೈಯುವ ಮೊದಲು ಪೊರೆಯ ಪೊಟ್ಟಣ ನೋಡಿ.

ಪಕ್ವ ಬಿಡಿಎನ್‌ಎಫ್‌ನ ಸಾಲು ಮನುಷ್ಯ, ಇಲಿ (ರ್ಯಾಟ್), ಸುಂಡಿಲಿ (ಮೌಸ್), ಹಂದಿಗಳಲ್ಲಿ ಒಂದೇ. ಹಾಗಾಗಿ ಮನುಷ್ಯನ ಪ್ರೋಟೀನಿಗೆಂದು ತಯಾರಿಸಿದ ಆಂಟಿಬಾಡಿ ವಿಸ್ಟಾರ್ ಇಲಿಯಲ್ಲೂ ನಡೆಯಬೇಕು. ಪ್ರೊ ಭಾಗದ ಆಂಟಿಬಾಡಿಗೆ ಈ ಭರವಸೆ ಇಲ್ಲ.

ರಿಕಾಂಬಿನೆಂಟ್ ಏಕೆ, ಬಣ್ಣ ಕಟ್ಟಿದ್ದೇ ಏಕೆ

ಹಳೆಯ ಪಾಲಿಕ್ಲೋನಲ್ ಆಂಟಿಬಾಡಿ ಒಂದು ಮೊಲದ ರಕ್ತದಿಂದ ಬಂದದ್ದು. ಆ ಮೊಲ ಸತ್ತರೆ ಮುಂದಿನ ಲಾಟ್ ಬೇರೆಯದೇ ಸರಕು. ರಿಕಾಂಬಿನೆಂಟ್ ಎಂದರೆ ಆಂಟಿಬಾಡಿಯ ಭಾರ ಸರಪಳಿ ಮತ್ತು ಹಗುರ ಸರಪಳಿಗಳ ಜೀನನ್ನು ಓದಿಟ್ಟುಕೊಂಡು, ಲ್ಯಾಬಿನಲ್ಲಿ ಬೆಳೆಸುವ ಎಚ್‌ಇಕೆ293 ಅಥವಾ ಸಿಎಚ್‌ಒ ಕೋಶಗಳಲ್ಲಿ ಅದನ್ನೇ ಮತ್ತೆ ಮತ್ತೆ ತಯಾರಿಸುವುದು. ಪಿಎಚ್‌ಡಿಯ ಮೊದಲ ವರ್ಷ ಕೊಂಡದ್ದೂ ನಾಲ್ಕನೇ ವರ್ಷ ಕೊಂಡದ್ದೂ ಒಂದೇ ಅಣು. ಮೊಲದ್ದಾದ್ದರಿಂದ ಇನ್ನೊಂದು ಲಾಭವೂ ಇದೆ: ಸುಂಡಿಲಿಯಲ್ಲಿ ತಯಾರಾದ ಆಂಟಿಬಾಡಿಯನ್ನು ಸುಂಡಿಲಿಯ ಅಂಗಾಂಶದ ಮೇಲೆ ಹಾಕಿದಾಗ ದ್ವಿತೀಯ ಆಂಟಿಬಾಡಿ (ಮೊದಲ ಆಂಟಿಬಾಡಿಯನ್ನು ಹಿಡಿಯುವ, ಬಣ್ಣ ಹೊತ್ತ ಎರಡನೆಯದು) ಎಲ್ಲೆಂದರಲ್ಲಿ ಹಿಡಿದು ಗೊಂದಲವಾಗುತ್ತದೆ, ಆ ರಗಳೆ ಇಲ್ಲಿಲ್ಲ.

ಬಣ್ಣ ಕಟ್ಟಿದ್ದು ಎಲ್ಲರಿಗೂ ಬೇಕೆಂದಿಲ್ಲ. ದ್ವಿತೀಯ ಆಂಟಿಬಾಡಿ ಬಳಸುವ ಹಳೆಯ ವಿಧಾನದಲ್ಲಿ ಒಂದು ಪ್ರಾಥಮಿಕ ಆಂಟಿಬಾಡಿಗೆ ಎರಡು ಮೂರು ದ್ವಿತೀಯಗಳು ಹತ್ತುತ್ತವೆ, ಪ್ರತಿಯೊಂದರ ಮೇಲೂ ಹಲವು ಬಣ್ಣದ ಅಣುಗಳಿರುತ್ತವೆ. ನೇರ ಬಣ್ಣದಲ್ಲಿ ಈ ಗುಣಾಕಾರ ಇಲ್ಲ, ಸಿಗ್ನಲ್ ಮಂದ. ಒಂದೇ ಪ್ರೋಟೀನನ್ನು ನೋಡುವುದಾದರೆ, ಅದೂ ಬಿಡಿಎನ್‌ಎಫ್‌ನಂಥ ವಿರಳ ಪ್ರೋಟೀನಾದರೆ, ಬಣ್ಣವಿಲ್ಲದ ಅದೇ ಕ್ಲೋನನ್ನು (ಅದೇ ಆಂಟಿಬಾಡಿಯನ್ನು) ಕೊಂಡು ದ್ವಿತೀಯ ಹಾಕುವುದೇ ಜಾಣತನ, ಖರ್ಚೂ ಕಡಿಮೆ. ಎರಡು ಮೂರು ಮೊಲದ ಆಂಟಿಬಾಡಿಗಳನ್ನು ಒಂದೇ ಸ್ಲೈಡಿನಲ್ಲಿ ಕೂರಿಸಬೇಕಾದಾಗ, ಫ್ಲೋ ಸೈಟೊಮೆಟ್ರಿ (ಕೋಶಗಳನ್ನು ಒಂದೊಂದಾಗಿ ಹರಿಸಿ ಹೊಳಪು ಅಳೆಯುವುದು) ಮಾಡುವಾಗ, ಅಥವಾ ದ್ವಿತೀಯ ಆಂಟಿಬಾಡಿಯ ಹಿನ್ನೆಲೆ ಕಾಟ ತಪ್ಪಿಸಬೇಕಾದಾಗ ಮಾತ್ರ ಬಣ್ಣ ಕಟ್ಟಿದ್ದಕ್ಕೆ ಹಣ ಹಾಕಿ.

ಬಣ್ಣ ಆರಿಸುವ ಮೊದಲು ನಿಮ್ಮ ಸೂಕ್ಷ್ಮದರ್ಶಕದ ದೀಪ ನೋಡಿ

ಕ್ಯಾಟಲಾಗ್ ನೋಡಿ ಬಣ್ಣ ಆರಿಸುವುದು ಸಾಮಾನ್ಯ ತಪ್ಪು. ಆರಿಸಬೇಕಾದ್ದು ದೀಪ, ಫಿಲ್ಟರ್, ಕ್ಯಾಮೆರಾ ನೋಡಿ.

ಅಲೆಕ್ಸಾ ಫ್ಲೋರ್ ಎಂಬ ಬಣ್ಣಗಳ ಸಾಲಿನಲ್ಲಿ 488 ಎಂಬುದು ಸುಮಾರು 490-495 ನ್ಯಾನೋಮೀಟರ್ ಬೆಳಕನ್ನು ಹೀರಿ 519ರ ಆಸುಪಾಸಿನಲ್ಲಿ ಹಸಿರಾಗಿ ಹೊಳೆಯುತ್ತದೆ. 555 ಎಂಬುದು 555ರಲ್ಲಿ ಹೀರಿ 565ರಲ್ಲಿ ಹೊಳೆಯುತ್ತದೆ. 594 ಎಂಬುದಕ್ಕೆ 590 ಮತ್ತು 617. 647ಕ್ಕೆ 650 ಮತ್ತು ಸುಮಾರು 668.

ಹಲವು ಕಾಲೇಜುಗಳಲ್ಲಿ ಇನ್ನೂ ಪಾದರಸ ದೀಪದ ಸೂಕ್ಷ್ಮದರ್ಶಕಗಳಿವೆ. ಆ ದೀಪದ ಬೆಳಕು 365, 405, 436, 546, 577 ನ್ಯಾನೋಮೀಟರಿನಲ್ಲಿ ಮೊನಚಾಗಿ ಜೋರು. 640ರ ಕಡೆ ತೀರಾ ಸಪ್ಪೆ. ಇಂಥ ಯಂತ್ರಕ್ಕೆ 555 ಬಣ್ಣ ಹೇಳಿ ಮಾಡಿಸಿದ್ದು, ಏಕೆಂದರೆ 546ರ ಗೆರೆ ಅದನ್ನು ಚೆನ್ನಾಗಿ ಎಬ್ಬಿಸುತ್ತದೆ. 647 ಕೊಂಡರೆ ದುಡ್ಡು ನೀರಿಗೆ ಹಾಕಿದಂತೆ. ಅದರ ಹೊಳಪು ಮನುಷ್ಯನ ಕಣ್ಣಿಗೆ ಬಹುತೇಕ ಕಾಣದು. ಐಪೀಸಿನಲ್ಲಿ ಇಣುಕಿ 'ಸ್ಟೈನ್ ಆಗಿಲ್ಲ' ಎಂದು ಸ್ಲೈಡ್ ಎಸೆಯುವವರುಂಟು. ಬಣ್ಣದ ಕ್ಯಾಮೆರಾದೊಳಗಿನ ಅವಗೆಂಪು ತಡೆ ಗಾಜು ಕೂಡ ಆ ಬೆಳಕನ್ನು ನುಂಗುತ್ತದೆ. ಕಪ್ಪುಬಿಳುಪು ಕ್ಯಾಮೆರಾ ಮತ್ತು ಎಲ್‌ಇಡಿ ಅಥವಾ ಲೇಸರ್ ಇದ್ದವರಿಗೆ ಮಾತ್ರ 647.

ಬೆಂಗಳೂರಿನ ಯಾವುದಾದರೂ ದೊಡ್ಡ ಸಂಸ್ಥೆಯ ಕಾನ್‌ಫೋಕಲ್‌ನಲ್ಲಿ (ಲೇಸರ್ ಸೂಕ್ಷ್ಮದರ್ಶಕದಲ್ಲಿ) ಸಮಯ ಪಡೆದು ಚಿತ್ರ ತೆಗೆಯುವ ಯೋಜನೆಯಿದ್ದರೆ, ಆಂಟಿಬಾಡಿ ತರಿಸುವ ಮೊದಲೇ ಅಲ್ಲಿನ ಲೇಸರುಗಳ ಪಟ್ಟಿ ಕೇಳಿ ತರಿಸಿಕೊಳ್ಳಿ.

ವಯಸ್ಸಾದ ಪ್ರಾಣಿಯ ನರಕೋಶಗಳಲ್ಲಿ ಲಿಪೊಫಸಿನ್ ಎಂಬ ಕಸ ಕೂಡಿರುತ್ತದೆ. ಅದು ಹಸಿರಿನಿಂದ ಕಿತ್ತಳೆಯವರೆಗೂ ಹೊಳೆಯುತ್ತದೆ, ಅದೂ ಕೋಶಕೇಂದ್ರದ ಪಕ್ಕ ಚುಕ್ಕಿ ಚುಕ್ಕಿಯಾಗಿ, ಥೇಟ್ ಬಿಡಿಎನ್‌ಎಫ್ ತುಂಬಿದ ಕೋಶಿಕೆಗಳಂತೆ (ಕೋಶದೊಳಗಿನ ಸಣ್ಣ ಚೀಲಗಳಂತೆ). ದೂರಗೆಂಪಿನಲ್ಲಿ (647ರ ಕಡೆ) ಈ ಕಾಟ ಕಡಿಮೆ. ಆದರೆ ಗಿಡಮೂಲಿಕೆ ಸಾರ ಬಳಸುವವರಿಗೆ ಅಲ್ಲೇ ಬೇರೊಂದು ಗಂಡಾಂತರ ಕಾದಿದೆ. ಅದನ್ನು ಮುಂದೆ ನೋಡೋಣ.

ತರಿಸುವುದು, ಇಡುವುದು: ಮಳೆಗಾಲದ ಲೆಕ್ಕಾಚಾರ

ಬಣ್ಣ ಕಟ್ಟಿದ ಆಂಟಿಬಾಡಿಯನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿ, ಕತ್ತಲಲ್ಲಿ ಇಡಬೇಕು, ಹೆಪ್ಪುಗಟ್ಟಿಸಬಾರದು. ಕೆಲವು ತಯಾರಕರು ಗ್ಲಿಸರಾಲ್ ಹಾಕಿ ಮೈನಸ್ 20ಕ್ಕೆ ಹೇಳುತ್ತಾರೆ, ಚೀಟಿ ಓದಿ. ಪಾರ್ಸೆಲ್ ಬೆಂಗಳೂರಿನಿಂದ ಸೋಮವಾರ ಅಥವಾ ಮಂಗಳವಾರ ಹೊರಡುವಂತೆ ವಿತರಕರಿಗೆ ಬರೆದು ತಿಳಿಸಿ. ಶುಕ್ರವಾರ ಹೊರಟದ್ದು ಎರಡನೇ ಶನಿವಾರ, ಭಾನುವಾರ ಕಳೆದು ಕೈಗೆ ಬರುವ ಹೊತ್ತಿಗೆ ಜೆಲ್ ಪ್ಯಾಕ್ ಬೆಚ್ಚಗಾಗಿರುತ್ತದೆ. ಜೆಲ್ ಪ್ಯಾಕ್ ಸೀಸೆಗೆ ನೇರವಾಗಿ ತಾಗದಂತೆ ನಡುವೆ ಹತ್ತಿಯೋ ಥರ್ಮೋಕೋಲೋ ಇರಲಿ. ಅತಿಯಾಗಿ ತಣಿದು ಹೆಪ್ಪುಗಟ್ಟಿದರೆ ಪ್ರೋಟೀನು ಗಂಟುಕಟ್ಟುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಫ್ರಿಜ್ಜಿನಲ್ಲಿ ಕನಿಷ್ಠ-ಗರಿಷ್ಠ ತೋರಿಸುವ ಥರ್ಮಾಮೀಟರ್ ಇಡಿ. ಸೀಸೆಗಳನ್ನು ದಪ್ಪ ಥರ್ಮೋಕೋಲ್ ಡಬ್ಬಿಯೊಳಗೆ, 4 ಡಿಗ್ರಿಗೆ ತಣಿದ ನೀರಿನ ಬಾಟಲಿಗಳ ನಡುವೆ ಇಟ್ಟರೆ ಬಾಗಿಲು ತೆಗೆಯದೆ ಹಲವು ಗಂಟೆ ತಂಪು ಉಳಿಯುತ್ತದೆ. ಸೋಡಿಯಂ ಅಜೈಡ್ ಇರುವ ಆಂಟಿಬಾಡಿ ಒಂದು ರಾತ್ರಿಯ ಬೆಚ್ಚಗಿನಿಂದ ಸಾಯುವುದಿಲ್ಲ, ಗಾಬರಿ ಬೇಡ. ಬಾಗಿಲಿನ ತಟ್ಟೆಯಲ್ಲಿಟ್ಟು ದಿನಕ್ಕೆ ಹತ್ತು ಸಲ ಬೆಳಕು ಸೋಕಿಸುವುದೇ ಹೆಚ್ಚು ಹಾನಿ.

ಬಳಸುವ ದಿನ ಸೀಸೆಯನ್ನು 4 ಡಿಗ್ರಿಯಲ್ಲಿ 10,000 ಜಿ ವೇಗದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನಷ್ಟೇ ತೆಗೆಯಿರಿ. ಚಿತ್ರದಲ್ಲಿ ನಕ್ಷತ್ರದಂತೆ ಚೆಲ್ಲಿದ ಪ್ರಖರ ಚುಕ್ಕಿಗಳು ಕಂಡರೆ ಅವು ಬಹುತೇಕ ತಳದಲ್ಲಿ ಕೂರಬೇಕಿದ್ದ ಗಂಟುಗಳು. ತೇವದ ಗಾಳಿಯಲ್ಲಿ ತಣ್ಣನೆಯ ಸೀಸೆಯ ಮೇಲೆ ಬೆವರಿದ ನೀರನ್ನು ಒರೆಸಿಯೇ ಮುಚ್ಚಳ ತೆಗೆಯಿರಿ.

ಎಷ್ಟು ಹಾಕಬೇಕು

ಚೀಟಿಯಲ್ಲಿನ '1:100'ನ್ನು ನಂಬಬೇಡಿ. ಮೈಕ್ರೋಗ್ರಾಂ ಲೆಕ್ಕದಲ್ಲಿ ಯೋಚಿಸಿ. ಸೀಸೆಯಲ್ಲಿ ಮಿಲಿಲೀಟರಿಗೆ 0.5 ಮಿಲಿಗ್ರಾಂ ಇದ್ದರೆ 1:100 ಎಂದರೆ ಮಿಲಿಲೀಟರಿಗೆ 5 ಮೈಕ್ರೋಗ್ರಾಂ. 8 ಮೈಕ್ರೋಲೀಟರ್ ಆಂಟಿಬಾಡಿಯನ್ನು 392 ಮೈಕ್ರೋಲೀಟರ್ ಬಫರಿಗೆ ಸೇರಿಸಿ. ಇದು ಮಿಲಿಲೀಟರಿಗೆ 10 ಮೈಕ್ರೋಗ್ರಾಂ. ಅದರಿಂದ 200 ತೆಗೆದು ಇನ್ನೊಂದು 200 ಬಫರಿಗೆ, ಹೀಗೆ ಅರ್ಧ ಅರ್ಧ ಮಾಡುತ್ತ 5, 2.5, 1.25, 0.6ರವರೆಗೆ ಇಳಿಯಿರಿ. ಇದೇ ಐದು ಪ್ರಮಾಣಗಳಲ್ಲಿ ಐಸೋಟೈಪ್ ಕಂಟ್ರೋಲನ್ನೂ, ಅಂದರೆ ಅದೇ ಬಣ್ಣ ಕಟ್ಟಿದ, ಯಾವುದಕ್ಕೂ ಅಂಟದ ಮೊಲದ ಐಜಿಜಿಯನ್ನೂ ಹಾಕಿ.

ನೋಡಬೇಕಾದ್ದು ಯಾವುದು ಹೆಚ್ಚು ಹೊಳೆಯಿತು ಎಂದಲ್ಲ; ನಿಜವಾದ ಸ್ಟೈನ್ ಮತ್ತು ಐಸೋಟೈಪ್ ನಡುವಿನ ಅನುಪಾತ ಎಲ್ಲಿ ಅತಿ ಹೆಚ್ಚು ಎಂದು. ಸಾಮಾನ್ಯವಾಗಿ ಅದು ಅತಿ ಪ್ರಖರವಾದುದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗಿರುತ್ತದೆ. 2.5ಕ್ಕೆ ನಿಂತರೆ, ಸ್ಲೈಡಿಗೆ 200 ಮೈಕ್ರೋಲೀಟರಿನಂತೆ, 50 ಮೈಕ್ರೋಗ್ರಾಮಿನ ಸೀಸೆಯಿಂದ ನೂರು ಸ್ಲೈಡ್ ಆಗುತ್ತವೆ. ಟೈಟ್ರೇಶನ್‌ಗೆ ಖರ್ಚಾದ ಹಣ ಅಲ್ಲೇ ವಾಪಸು.

ಇಲಿಯ ಮಿದುಳಿನ ಹೋಳುಗಳಿಗೆ ಕ್ರಮ

ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ ಮೊದಲು. ಅನುಮತಿ ಪತ್ರದಲ್ಲಿ ಪರ್ಫ್ಯೂಶನ್ (ಹೃದಯದ ಮೂಲಕ ದ್ರಾವಣ ಹರಿಸುವ) ವಿಧಾನವೂ ಬರೆದಿರಬೇಕು.

1. 200-250 ಗ್ರಾಂ ತೂಕದ ಇಲಿಗೆ ಪೂರ್ಣ ಅರಿವಳಿಕೆ ಕೊಟ್ಟು, ಹೃದಯದ ಮೂಲಕ ತಣ್ಣನೆಯ 0.9 ಶೇಕಡಾ ಸಲೈನ್ ಸುಮಾರು 150 ಮಿಲಿಲೀಟರ್, ಬಳಿಕ 0.1 ಮೋಲಾರ್ ಫಾಸ್ಫೇಟ್ ಬಫರಿನಲ್ಲಿ ಕರಗಿಸಿದ 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್ (ಪಿಹೆಚ್ 7.4) 250-300 ಮಿಲಿಲೀಟರ್ ಹರಿಸಿ. ಯಕೃತ್ತು ಬಿಳಿಚುವವರೆಗೆ ಸಲೈನ್ ನಿಲ್ಲಿಸಬೇಡಿ. ರಕ್ತ ಉಳಿದರೆ ಕೆಂಪು ರಕ್ತಕಣಗಳು ಹೊಳೆದು ರಕ್ತನಾಳಗಳೆಲ್ಲ ಬಿಡಿಎನ್‌ಎಫ್ ತುಂಬಿದಂತೆ ಕಾಣುತ್ತವೆ.

2. ಮಿದುಳನ್ನು ಅದೇ ಫಿಕ್ಸೇಟಿವಿನಲ್ಲಿ (ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ) 4 ಡಿಗ್ರಿಯಲ್ಲಿ 4ರಿಂದ 12 ಗಂಟೆ ಇಡಿ. ಶನಿವಾರ ಹಾಕಿ ಸೋಮವಾರ ತೆಗೆಯುವುದು ಬೇಡ: ಅತಿಯಾದ ಫಿಕ್ಸೇಶನ್ ಎಪಿಟೋಪನ್ನು (ಆಂಟಿಬಾಡಿ ಹಿಡಿಯುವ ಜಾಗವನ್ನು) ಮುಚ್ಚುತ್ತದೆ, ಜೊತೆಗೆ ಹಿನ್ನೆಲೆ ಹೊಳಪನ್ನೂ ಏರಿಸುತ್ತದೆ.

3. 30 ಶೇಕಡಾ ಸಕ್ಕರೆ ದ್ರಾವಣದಲ್ಲಿ (ಲ್ಯಾಬಿನ ಸುಕ್ರೋಸ್, ಫಾಸ್ಫೇಟ್ ಬಫರಿನಲ್ಲಿ) ಮಿದುಳು ತಳಕ್ಕೆ ಮುಳುಗುವವರೆಗೆ ಬಿಡಿ, ಎರಡು ಮೂರು ದಿನ. ಮುಳುಗುವ ಮೊದಲೇ ಹೆಪ್ಪುಗಟ್ಟಿಸಿದರೆ ಮಂಜಿನ ಹರಳು ಅಂಗಾಂಶದಲ್ಲಿ ತೂತು ಕೊರೆಯುತ್ತದೆ.

4. ಕ್ರಯೋಸ್ಟಾಟಿನಲ್ಲಿ 30 ಮೈಕ್ರೋಮೀಟರ್ ಹೋಳು ಮಾಡಿ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪುನೀರಿನಲ್ಲಿ) ತೇಲಿಬಿಡಿ. ಉಳಿದವನ್ನು 30 ಶೇಕಡಾ ಎಥಿಲೀನ್ ಗ್ಲೈಕಾಲ್, 30 ಶೇಕಡಾ ಗ್ಲಿಸರಾಲ್ ಇರುವ ಫಾಸ್ಫೇಟ್ ಬಫರಿನಲ್ಲಿ ಮೈನಸ್ 20ರಲ್ಲಿ ಇಡಬಹುದು.

5. ಆಲ್ಡಿಹೈಡ್ ಹೊಳಪು ಇಳಿಸಲು ಆಗಷ್ಟೇ ಕರಗಿಸಿದ 0.1 ಶೇಕಡಾ ಸೋಡಿಯಂ ಬೋರೋಹೈಡ್ರೈಡ್ 10 ನಿಮಿಷ. ಗುಳ್ಳೆ ಏಳುತ್ತದೆ, ಮುಚ್ಚಳ ಬಿಗಿಯಬೇಡಿ. ಪಿಬಿಎಸ್‌ನಲ್ಲಿ ನಾಲ್ಕು ಸಲ ತೊಳೆಯಿರಿ.

6. ಎಪಿಟೋಪ್ ತೆರೆಯಲು 10 ಮಿಲಿಮೋಲಾರ್ ಸೋಡಿಯಂ ಸಿಟ್ರೇಟ್, ಪಿಹೆಚ್ 6.0, 80 ಡಿಗ್ರಿ ವಾಟರ್ ಬಾತಿನಲ್ಲಿ 30 ನಿಮಿಷ; ಹಾಗೇ ಆರಲು 20 ನಿಮಿಷ ಬಿಡಿ. ಎಲ್ಲ ಕ್ಲೋನಿಗೂ ಇದು ಬೇಕಿಲ್ಲ. ಎರಡು ಹೋಳಿಗೆ ಮಾಡಿ, ಎರಡು ಹೋಳಿಗೆ ಬಿಟ್ಟು ಹೋಲಿಸಿ ತೀರ್ಮಾನಿಸಿ.

7. ತಡೆ ದ್ರಾವಣ: 5 ಶೇಕಡಾ ಮೇಕೆಯ ಸೀರಮ್, 1 ಶೇಕಡಾ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್), 0.3 ಶೇಕಡಾ ಟ್ರೈಟಾನ್ ಎಕ್ಸ್-100, ಪಿಬಿಎಸ್‌ನಲ್ಲಿ 1 ಗಂಟೆ.

8. ಬಣ್ಣ ಕಟ್ಟಿದ ಆಂಟಿಬಾಡಿಯನ್ನು 1 ಶೇಕಡಾ ಬಿಎಸ್‌ಎ, 0.3 ಶೇಕಡಾ ಟ್ರೈಟಾನ್ ಇರುವ ಪಿಬಿಎಸ್‌ನಲ್ಲಿ ಬೆರೆಸಿ, 4 ಡಿಗ್ರಿಯಲ್ಲಿ ಮೆಲ್ಲಗೆ ಅಲುಗಾಡಿಸುತ್ತ ಒಂದು ರಾತ್ರಿ ಇಡಿ. ಒಳಗಿನವರೆಗೆ ಇಳಿಯದಿದ್ದರೆ 48 ಗಂಟೆ. ಇಲ್ಲಿಂದ ಮುಂದೆ ಎಲ್ಲವೂ ಅಲ್ಯೂಮಿನಿಯಂ ಹಾಳೆ ಸುತ್ತಿ.

9. ಪಿಬಿಎಸ್‌ನಲ್ಲಿ 10 ನಿಮಿಷದಂತೆ ಮೂರು ಸಲ ತೊಳೆದು, ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಡಾಪಿ (ಕೋಶಕೇಂದ್ರಕ್ಕೆ ಹತ್ತುವ ನೀಲಿ ಬಣ್ಣ) 5 ನಿಮಿಷ, ಮತ್ತೆ ತೊಳೆಯಿರಿ.

10. ಪ್ರಾಣಿ ವಯಸ್ಸಾದದ್ದಾದರೆ ಸ್ಲೈಡಿಗೆ ಏರಿಸಿದ ಮೇಲೆ 70 ಶೇಕಡಾ ಎಥನಾಲಿನಲ್ಲಿ ಕರಗಿಸಿದ 0.1 ಶೇಕಡಾ ಸೂಡಾನ್ ಬ್ಲ್ಯಾಕ್ ಬಿ 5ರಿಂದ 10 ನಿಮಿಷ. ಇದಾದ ಮೇಲೆ ಟ್ರೈಟಾನ್ ಸೋಕಿಸಬಾರದು, ಬಣ್ಣ ಬಿಟ್ಟುಹೋಗುತ್ತದೆ. ಸೂಡಾನ್ ಬ್ಲ್ಯಾಕ್ ಲಿಪೊಫಸಿನ್ ಮುಚ್ಚುವುದು ನಿಜ, ಆದರೆ ದೂರಗೆಂಪಿನಲ್ಲಿ ತಾನೇ ಮಂದ ಹಿನ್ನೆಲೆ ತರುತ್ತದೆ. 647 ಬಳಸುವವರು ಇದನ್ನು ಬಿಡುವುದೇ ಲೇಸು.

11. 0.17 ಮಿಲಿಮೀಟರ್ ದಪ್ಪದ, ಅಂದರೆ 1.5 ಸಂಖ್ಯೆಯ ಕವರ್‌ಸ್ಲಿಪ್ ಹಾಕಿ. ಗಟ್ಟಿಯಾಗುವ ಮೌಂಟಿಂಗ್ ದ್ರವ ಒಣಗಲು ಸುಮಾರು 24 ಗಂಟೆ ಎನ್ನುತ್ತದೆ ಚೀಟಿ. ಅದು ಒಣ ಊರಿನ ಲೆಕ್ಕ. ಜುಲೈನ ಮಲೆನಾಡಿನಲ್ಲಿ ಮೂರು ದಿನ ಕಳೆದರೂ ಅಂಟಂಟಾಗಿರಬಹುದು. ಸಿಲಿಕಾ ಜೆಲ್ ಹಾಕಿದ ಡೆಸಿಕೇಟರಿನಲ್ಲಿ, ಕತ್ತಲಲ್ಲಿ ಒಣಗಿಸಿ. ಅವಸರವಿದ್ದರೆ ಗಟ್ಟಿಯಾಗದ ಗ್ಲಿಸರಾಲ್ ಆಧಾರಿತ ಮೌಂಟಿಂಗ್ ಬಳಸಿ ಅಂಚಿಗೆ ನೈಲ್ ಪಾಲಿಶ್ ಬಳಿಯಿರಿ, ಒಂದೆರಡು ದಿನದೊಳಗೆ ಚಿತ್ರ ತೆಗೆಯಿರಿ.

ಆಬ್ಜೆಕ್ಟಿವ್‌ಗಳ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಮಳೆಗಾಲದಲ್ಲಿ ಗಾಜಿನ ಮೇಲೆ ಬೂಷ್ಟು ಹಿಡಿಯುವುದು ಇಲ್ಲಿನ ಲ್ಯಾಬುಗಳ ನಿತ್ಯದ ಶತ್ರು. ಬೂಷ್ಟು ಹಿಡಿದ ಲೆನ್ಸು ಬೆಳಕನ್ನು ಚದುರಿಸಿ ಇಡೀ ಚಿತ್ರಕ್ಕೆ ಮಂಜು ಕವಿಸುತ್ತದೆ, ಜನ ಅದನ್ನು ಆಂಟಿಬಾಡಿಯ ಹಿನ್ನೆಲೆ ಎಂದುಕೊಳ್ಳುತ್ತಾರೆ. 40-50 ಶೇಕಡಾ ತೇವದ ಒಣ ಕಪಾಟಿನಲ್ಲಿ ಆಬ್ಜೆಕ್ಟಿವ್ ಬಿಚ್ಚಿಡಿ; ಕಪಾಟಿಲ್ಲದಿದ್ದರೆ ಬಿಗಿ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್ ಸಾಕು. ನೀಲಿ ಜೆಲ್ ಗುಲಾಬಿಯಾದಾಗ 110-120 ಡಿಗ್ರಿ ಒವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಿ.

ಕೋಶಗಳ ಮೇಲೆ ಗಿಡದ ಸಾರ ಪರೀಕ್ಷಿಸುವವರಿಗೆ

ಕ್ಲೋರೊಫಿಲ್ 430 ಮತ್ತು 660ರ ಆಸುಪಾಸಿನ ಬೆಳಕು ಹೀರಿ 670-680ರಲ್ಲಿ ಕೆಂಪಾಗಿ ಹೊಳೆಯುತ್ತದೆ. ಅದು ಅಲೆಕ್ಸಾ 647ರ ಕಿಟಕಿಯೇ. ಒಂದೆಲಗ, ಬ್ರಾಹ್ಮಿ, ಇನ್ನಾವುದೇ ಹಸಿರೆಲೆಯ ಎಥನಾಲ್ ಸಾರವನ್ನು ಎಸ್‌ಎಚ್-ಎಸ್‌ವೈ5ವೈ (ಮನುಷ್ಯನ ನರಗಡ್ಡೆಯಿಂದ ಬಂದ) ಕೋಶಗಳಿಗೆ ಹಾಕಿದರೆ ಈ ಕೊಬ್ಬಿನಲ್ಲಿ ಕರಗುವ ಬಣ್ಣ ಪೊರೆಗಳಲ್ಲಿ ಉಳಿಯುತ್ತದೆ. ಫಲಿತಾಂಶ: ಸಾರದ ಪ್ರಮಾಣ ಏರಿಸಿದಷ್ಟೂ 'ಬಿಡಿಎನ್‌ಎಫ್' ಚಂದವಾಗಿ ಏರುತ್ತ ಹೋಗುತ್ತದೆ! ಅರಿಸಿನದ ಕರ್ಕ್ಯುಮಿನ್ ಇದೇ ಆಟವನ್ನು ಹಸಿರು ಚಾನೆಲ್ಲಿನಲ್ಲಿ ಆಡುತ್ತದೆ. ಅಡಿಕೆಯ ಸಾರದ್ದು ಇನ್ನೊಂದು ಬಗೆ. ಚೊಗರಿನಲ್ಲಿರುವ ಟ್ಯಾನಿನ್ ಪ್ರೋಟೀನಿಗೆ ಕಚ್ಚಿಕೊಂಡು ಗಸಿಯಾಗಿ ಕವರ್‌ಸ್ಲಿಪ್ಪಿನ ಮೇಲೆ ಕೂರುತ್ತದೆ, ಆಂಟಿಬಾಡಿ ಆ ಗಸಿಗೆ ಅಂಟುತ್ತದೆ.

ಆದ್ದರಿಂದ ಸಾರದ ಪ್ರತಿ ಪ್ರಮಾಣಕ್ಕೂ ಆಂಟಿಬಾಡಿ ಹಾಕದ ಒಂದೊಂದು ಬಾವಿ (ಕೋಶ ಬೆಳೆಸುವ ತಟ್ಟೆಯ ಗುಳಿ) ಇರಲೇಬೇಕು. ಅದನ್ನು ಅದೇ ಎಕ್ಸ್‌ಪೋಷರಿನಲ್ಲಿ ಎಲ್ಲ ಚಾನೆಲ್ಲಿನಲ್ಲೂ ಚಿತ್ರ ತೆಗೆಯಿರಿ. ಹಸಿರೆಲೆಯ ಸಾರಕ್ಕೆ 555ರ ಬಣ್ಣ ಸುರಕ್ಷಿತ ಆಯ್ಕೆ. ಸಾರವನ್ನು ಇದ್ದಿಲಿನಲ್ಲಿ ಶೋಧಿಸಿ ಕ್ಲೋರೊಫಿಲ್ ತೆಗೆಯುವ ಉಪಾಯ ಹಲವರು ಹೇಳುತ್ತಾರೆ. ಇದ್ದಿಲು ಔಷಧೀಯ ಅಂಶಗಳನ್ನೂ ಹೀರಿಕೊಳ್ಳುತ್ತದೆ, ನಮಗೆ ಅದು ಒಪ್ಪಿಗೆಯಿಲ್ಲ.

ಇನ್ನೂ ಒಂದು. ಎಸ್‌ಎಚ್-ಎಸ್‌ವೈ5ವೈ ಕೋಶಗಳನ್ನು ನರಕೋಶದಂತೆ ಮಾಡಲು 10 ಮೈಕ್ರೋಮೋಲಾರ್ ರೆಟಿನೋಯಿಕ್ ಆಮ್ಲ ಐದು ದಿನ, ಬಳಿಕ ಮಿಲಿಲೀಟರಿಗೆ 50 ನ್ಯಾನೋಗ್ರಾಂ ಬಿಡಿಎನ್‌ಎಫ್ ಕೊಡುವ ವಿಧಾನ ಪ್ರಚಲಿತ. ಹೊರಗಿನಿಂದ ಬಿಡಿಎನ್‌ಎಫ್ ಸುರಿದ ಮೇಲೆ ಕೋಶ ತಾನೇ ತಯಾರಿಸಿದ್ದನ್ನು ಅಳೆಯುವುದು ಹೇಗೆ? ಇಂಥ ಪ್ರಯೋಗಕ್ಕೆ ರೆಟಿನೋಯಿಕ್ ಆಮ್ಲಕ್ಕೇ ನಿಲ್ಲಿಸಿ.

ಕೋಶಗಳಿಗೆ 4 ಶೇಕಡಾ ಫಿಕ್ಸೇಟಿವ್ 15 ನಿಮಿಷ, 0.1 ಶೇಕಡಾ ಟ್ರೈಟಾನ್ 10 ನಿಮಿಷ ಸಾಕು. ಕೋಶಿಕೆಗಳೊಳಗಿನ ಬಿಡಿಎನ್‌ಎಫ್ ಕರಗಿಹೋಗುತ್ತಿದೆ ಎಂಬ ಅನುಮಾನ ಬಂದರೆ ಟ್ರೈಟಾನ್ ಬದಲು 0.1 ಶೇಕಡಾ ಸಪೋನಿನ್ ಬಳಸಿ. ಸಪೋನಿನ್ ಮಾಡಿದ ತೂತು ತೊಳೆದೊಡನೆ ಮುಚ್ಚಿಕೊಳ್ಳುತ್ತದೆ, ಹಾಗಾಗಿ ತಡೆ ದ್ರಾವಣ, ಆಂಟಿಬಾಡಿ, ತೊಳೆಯುವ ನೀರು ಎಲ್ಲದರಲ್ಲೂ ಅದು ಇರಬೇಕು.

ಒಂದೇ ಸ್ಲೈಡಿನಲ್ಲಿ ಎರಡು ಮೊಲ

ಬಣ್ಣವಿಲ್ಲದ ಮೊಲದ ಆಂಟಿಬಾಡಿ (ಟ್ರ್ಕ್‌ಬಿಗೆ, ಎನ್ನಿ) ಮತ್ತು ಬಣ್ಣ ಕಟ್ಟಿದ ಬಿಡಿಎನ್‌ಎಫ್ ಆಂಟಿಬಾಡಿ ಎರಡೂ ಬೇಕಾದಾಗ ಕ್ರಮ ತಪ್ಪಿದರೆ ಎಲ್ಲ ಹಾಳು. ಮೊದಲು ಬಣ್ಣವಿಲ್ಲದ್ದು, ತೊಳೆದು ಮೊಲ-ವಿರೋಧಿ ದ್ವಿತೀಯ ಆಂಟಿಬಾಡಿ, ಚೆನ್ನಾಗಿ ತೊಳೆದು 5 ಶೇಕಡಾ ಮೊಲದ ಸೀರಮ್ 1 ಗಂಟೆ, ದ್ವಿತೀಯದ ಖಾಲಿ ಕೈಗಳು ಅದರಲ್ಲಿ ತುಂಬಿಹೋಗಲಿ, ಕಟ್ಟಕಡೆಗೆ ಬಣ್ಣ ಕಟ್ಟಿದ್ದು. ಮೊಲದ ಸೀರಮಿನ ಹೆಜ್ಜೆ ಬಿಟ್ಟರೆ ದ್ವಿತೀಯ ಆಂಟಿಬಾಡಿ ಬಣ್ಣ ಕಟ್ಟಿದ್ದನ್ನೂ ಹಿಡಿಯುತ್ತದೆ, ಎರಡು ಪ್ರೋಟೀನು ನೂರಕ್ಕೆ ನೂರು ಒಂದೇ ಜಾಗದಲ್ಲಿದ್ದಂತೆ ಸುಳ್ಳು ಚಿತ್ರ ಬರುತ್ತದೆ. ಬಿಡಿಎನ್‌ಎಫ್ ಜಾಗದಲ್ಲಿ ಐಸೋಟೈಪ್ ಹಾಕಿದ ಸ್ಲೈಡ್ ಈ ಮೋಸವನ್ನು ಬಯಲು ಮಾಡುತ್ತದೆ. ನರಕೋಶದ ಗುರುತು ಮಾತ್ರ ಸಾಕಿದ್ದರೆ ಕೋಳಿಯಲ್ಲಿ ತಯಾರಾದ ಮ್ಯಾಪ್2 ಆಂಟಿಬಾಡಿ ತರಿಸಿ, ಈ ಸರ್ಕಸ್ಸೇ ಬೇಡ.

ಕಂಡದ್ದು ಬಿಡಿಎನ್‌ಎಫ್ ಹೌದೇ?

ಹಿಪೊಕ್ಯಾಂಪಸ್‌ನಲ್ಲಿ (ಮಿದುಳಿನ ನೆನಪಿನ ಭಾಗದಲ್ಲಿ) ಹೈಲಸ್ ಮತ್ತು ಸಿಎ3 ಎಂಬ ವಲಯಗಳ 'ಮಾಸಿ' (mossy) ತಂತುಗಳ ಪಟ್ಟಿ ಎದ್ದು ಕಾಣಬೇಕು. ಮಿದುಳಿನ ಒಳಗಿನ ಸ್ಟ್ರಯಾಟಮ್‌ನಲ್ಲಿ ಬಿಡಿಎನ್‌ಎಫ್ ಬಹುಪಾಲು ಕಾರ್ಟೆಕ್ಸ್‌ನಿಂದ ತಂತುಗಳ ಮೂಲಕ ಬರುವಂಥದ್ದು. ಅಲ್ಲಿನ ಕೋಶದೇಹಗಳೇ ಭರ್ಜರಿಯಾಗಿ ಹೊಳೆದರೆ ಅನುಮಾನಿಸಿ. ಎಲ್ಲ ಕೋಶಕೇಂದ್ರಗಳೂ ಸಮನಾಗಿ ಹೊಳೆದರೂ ಅಷ್ಟೆ.

ಅತ್ಯುತ್ತಮ ಕಂಟ್ರೋಲ್ ಬಿಡಿಎನ್‌ಎಫ್ ಜೀನ್ ತೆಗೆದ ಪ್ರಾಣಿಯ ಅಂಗಾಂಶ. ಅದು ಶಿವಮೊಗ್ಗದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬದಲಿಗೆ ಎಚ್‌ಇಕೆ293 ಕೋಶಗಳಿಗೆ ಬಿಡಿಎನ್‌ಎಫ್ ಪ್ಲಾಸ್ಮಿಡ್ (ಆ ಜೀನ್ ಹೊತ್ತ ಡಿಎನ್‌ಎ ಉಂಗುರ) ಸೇರಿಸಿ, ಸೇರಿಸದ ಕೋಶಗಳ ಜೊತೆ ಹೋಲಿಸಿ. ಎನ್‌ಜಿಎಫ್, ಎನ್‌ಟಿ-3 ಪ್ಲಾಸ್ಮಿಡ್ ಹಾಕಿದವು ಕತ್ತಲಾಗಿಯೇ ಇರಬೇಕು. ನರಕೋಶದಲ್ಲಿ ಎಸ್‌ಐಆರ್‌ಎನ್‌ಎ (ಜೀನನ್ನು ಅಡಗಿಸುವ ಆರ್‌ಎನ್‌ಎ ತುಣುಕು) ಬಳಸಿ ಬಿಡಿಎನ್‌ಎಫ್ ಇಳಿಸಿದಾಗ ಸಿಗ್ನಲ್ಲೂ ಇಳಿಯಬೇಕು.

ಆಂಟಿಬಾಡಿಯನ್ನು ಮೊದಲೇ ಬಿಡಿಎನ್‌ಎಫ್ ಜೊತೆ ಬೆರೆಸಿ ತಣಿಸುವ ಪರೀಕ್ಷೆಯನ್ನು ಬಹಳ ಜನ ಮಾಡುತ್ತಾರೆ. 1 ಮೈಕ್ರೋಗ್ರಾಂ ಐಜಿಜಿ ಎಂದರೆ ಸುಮಾರು 6.7 ಪಿಕೋಮೋಲ್, ಅದರ ಹತ್ತು ಪಟ್ಟು ಬಿಡಿಎನ್‌ಎಫ್ ಜೋಡಿ ಎಂದರೆ ಸುಮಾರು 1.8 ಮೈಕ್ರೋಗ್ರಾಂ. ಆದರೆ ಸಿಗ್ನಲ್ ಆರಿದರೆ ಆಂಟಿಬಾಡಿ ಬಿಡಿಎನ್‌ಎಫ್‌ಗೆ ಅಂಟುತ್ತದೆ ಎಂದಷ್ಟೇ ಅರ್ಥ. ಅಂಗಾಂಶದಲ್ಲಿ ಅದು ಹಿಡಿದದ್ದು ಬಿಡಿಎನ್‌ಎಫ್ ಅನ್ನೇ ಎಂದಲ್ಲ. ಬಿಡಿಎನ್‌ಎಫ್ ಧನ ವಿದ್ಯುದಂಶದ ಪ್ರೋಟೀನು, ಗಾಜು-ಪ್ಲಾಸ್ಟಿಕ್-ಅಂಗಾಂಶ ಎಲ್ಲಕ್ಕೂ ಅಂಟುತ್ತದೆ. ಕೆಲವೊಮ್ಮೆ ಬೆರೆಸಿದ ಮೇಲೆ ಸಿಗ್ನಲ್ ಏರಿರುತ್ತದೆ, ಕಾರಣ ಇದೇ. ಅಂಟದ ಟ್ಯೂಬುಗಳನ್ನು ಬಳಸಿ.

ರಕ್ತದಲ್ಲಿ ಅಳೆಯುವವರಿಗೆ ಒಂದು ಮಾತು: ಮನುಷ್ಯ ಮತ್ತು ಇಲಿಯ ಪ್ಲೇಟ್‌ಲೆಟ್‌ಗಳಲ್ಲಿ ಬಿಡಿಎನ್‌ಎಫ್ ತುಂಬಿದೆ, ಸುಂಡಿಲಿಯದರಲ್ಲಿ ಹೆಚ್ಚುಕಡಿಮೆ ಇಲ್ಲ. ಸುಂಡಿಲಿಯ ಸೀರಮಿನಲ್ಲಿ ಭಾರೀ ಬಿಡಿಎನ್‌ಎಫ್ ಕಂಡರೆ ಆಂಟಿಬಾಡಿಯ ಮೇಲೆ ಕಣ್ಣಿಡಿ.

ಬಣ್ಣವನ್ನು ನೀವೇ ಕಟ್ಟುವುದಾದರೆ

ಬಿಎಸ್‌ಎ, ಟ್ರಿಸ್, ಗ್ಲೈಸಿನ್ ಇಲ್ಲದ ಆಂಟಿಬಾಡಿಯನ್ನೇ ಕೊಳ್ಳಿ. ಅವೆಲ್ಲ ಬಣ್ಣವನ್ನು ತಾವೇ ನುಂಗುತ್ತವೆ. 100 ಮೈಕ್ರೋಗ್ರಾಂ ಆಂಟಿಬಾಡಿಯನ್ನು ಮಿಲಿಲೀಟರಿಗೆ 1 ಮಿಲಿಗ್ರಾಮಿನಂತೆ ತಂದು, 0.1 ಮೋಲಾರ್ ಸೋಡಿಯಂ ಬೈಕಾರ್ಬೊನೇಟಿನಿಂದ ಪಿಹೆಚ್ 8.3 ಮಾಡಿ. ಎನ್‌ಎಚ್‌ಎಸ್ ಎಸ್ಟರ್ ರೂಪದ ಅಲೆಕ್ಸಾ 488ನ್ನು ನೀರಿಲ್ಲದ ಡಿಎಂಎಸ್‌ಒದಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಕರಗಿಸಿ, 4.3 ಮೈಕ್ರೋಲೀಟರ್ ಸೇರಿಸಿ. ಇದು ಆಂಟಿಬಾಡಿ ಅಣುಗಳ ಸುಮಾರು ಹತ್ತು ಪಟ್ಟು. ಕೋಣೆಯ ಉಷ್ಣತೆಯಲ್ಲಿ, ಕತ್ತಲಲ್ಲಿ 1 ಗಂಟೆ. ಆಮೇಲೆ ಡೀಸಾಲ್ಟಿಂಗ್ ಕಾಲಮ್ಮಿನಲ್ಲಿ ಅಂಟದೆ ಉಳಿದ ಬಣ್ಣ ತೆಗೆಯಿರಿ. ಮಳೆಗಾಲದಲ್ಲಿ ಒಮ್ಮೆ ತೆರೆದಿಟ್ಟ ಡಿಎಂಎಸ್‌ಒ ಗಾಳಿಯ ನೀರು ಹೀರಿ ಎಸ್ಟರನ್ನು ಕೆಡಿಸುತ್ತದೆ. ಬಣ್ಣ ಸರಿಯಾಗಿ ಹತ್ತದಿರಲು ಇಲ್ಲಿ ಇದೇ ಮೊದಲ ಕಾರಣ. ಸೀಲ್ ಮಾಡಿದ ಸಣ್ಣ ಆಂಪೂಲ್ ತರಿಸಿ.

ಒಂದು ಆಂಟಿಬಾಡಿಗೆ ಎಷ್ಟು ಬಣ್ಣ ಹತ್ತಿತು ಎಂದು ಲೆಕ್ಕ ಹಾಕಿ. 1 ಸೆಂಟಿಮೀಟರ್ ಕುವೆಟ್ಟಿನಲ್ಲಿ ಬೆಳಕಿನ ಹೀರಿಕೆಯ ಅಳತೆ 495 ನ್ಯಾನೋಮೀಟರಿನಲ್ಲಿ 0.71, 280ರಲ್ಲಿ 0.50 ಬಂತೆನ್ನಿ. 0.71ನ್ನು ಬಣ್ಣದ ಹೀರಿಕೆ ಗುಣಾಂಕವಾದ 71,000ದಿಂದ ಭಾಗಿಸಿದರೆ ಬಣ್ಣ 10 ಮೈಕ್ರೋಮೋಲಾರ್. 0.50ರಿಂದ 0.71ರ 0.11 ಪಟ್ಟನ್ನು (280ರಲ್ಲಿ ಬಣ್ಣವೇ ಹೀರುವ ಪಾಲನ್ನು) ಕಳೆದರೆ 0.42, ಅದನ್ನು ಆಂಟಿಬಾಡಿಯ ಗುಣಾಂಕವಾದ 2,10,000ದಿಂದ ಭಾಗಿಸಿದರೆ ಆಂಟಿಬಾಡಿ 2 ಮೈಕ್ರೋಮೋಲಾರ್. ಅಂದರೆ ಒಂದಕ್ಕೆ ಐದು ಬಣ್ಣ. 3ರಿಂದ 7ರ ನಡುವೆ ಇದ್ದರೆ ಒಳ್ಳೆಯದು. ಹೆಚ್ಚಾದರೆ ಬಣ್ಣದ ಅಣುಗಳು ಒಂದರ ಹೊಳಪನ್ನು ಇನ್ನೊಂದು ನಂದಿಸುತ್ತವೆ, ಪ್ರೋಟೀನನ್ನು ಹಿಡಿಯುವ ಜಾಗದ ಲೈಸೀನಿಗೇ ಬಣ್ಣ ಕೂತು ಆಂಟಿಬಾಡಿ ಕುರುಡಾಗಲೂಬಹುದು. ಕಟ್ಟುವ ಮೊದಲಿನದನ್ನೂ ಕಟ್ಟಿದ್ದನ್ನೂ ಎಚ್‌ಇಕೆ293 ಕೋಶಗಳ ಮೇಲೆ ಹೋಲಿಸಿ ನೋಡಿಯೇ ಮುಂದುವರಿಯಿರಿ.

ಪುಸ್ತಕದಲ್ಲಿ ಬರೆದಿಡಬೇಕಾದವು: ಕ್ಲೋನ್ ಸಂಖ್ಯೆ, ಲಾಟ್, ಆರ್‌ಆರ್‌ಐಡಿ (ಆಂಟಿಬಾಡಿಯ ಗುರುತಿನ ಸಂಖ್ಯೆ), ಬಣ್ಣದ ಅನುಪಾತ, ಮಿಲಿಲೀಟರಿಗೆ ಎಷ್ಟು ಮೈಕ್ರೋಗ್ರಾಂ, ಎಕ್ಸ್‌ಪೋಷರ್ ಎಷ್ಟು ಮಿಲಿಸೆಕೆಂಡ್, ದೀಪದ ಶಕ್ತಿ ಎಷ್ಟು ಶೇಕಡಾ. ಎಕ್ಸ್‌ಪೋಷರನ್ನು ಅತಿ ಪ್ರಖರವಾದ ಸ್ಲೈಡಿನ ಮೇಲೆ, ಒಂದು ಪಿಕ್ಸೆಲ್ಲೂ ತುಂಬಿ ತುಳುಕದಂತೆ ನಿಗದಿ ಮಾಡಿ, ಉಳಿದ ಎಲ್ಲ ಗುಂಪುಗಳಿಗೂ ಅದನ್ನೇ ಬಳಸಿ. ಯಾವ ಸ್ಲೈಡ್ ಯಾವ ಗುಂಪಿನದು ಎಂದು ಚಿತ್ರ ತೆಗೆಯುವವರಿಗೆ ಗೊತ್ತಿರಬಾರದು. ಸ್ಲೈಡಿನ ಹೆಸರಿನ ಮೇಲೆ ಬೇರೆಯವರಿಂದ ಟೇಪ್ ಅಂಟಿಸಿ ಸಂಖ್ಯೆ ಹಾಕಿಸಿ.